ಗೋಪಿನಾಥಂ ಬಸ್ಸಿಗೆ ಮುಂಚೆ ಊದಿದ ಸೀಟಿ

ಬಿಳಿಗಿರಿ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ನೂತನ ಮಾಲೀಕರಾದ ಮಾನ್ಯರೇ,

ಕಳೆದ ಭಾನುವಾರ ನಮ್ಮ ಮೈದಾನದಲ್ಲಿ ಸರಿಯಾಗಿ ನಾಲ್ಕು ಗಂಟೆಗೆ ಆಟ ಶುರುವಾಯಿತು. ಇದೇ ನನ್ನ ದೂರು.

ನಿಮ್ಮ ಕಚೇರಿಯಲ್ಲಿ ಈ ವಾಕ್ಯವನ್ನು ಎರಡನೇ ಸಲ ಓದುತ್ತಿರಬಹುದು. ತಡವಾಯಿತು ಎಂದು ದೂರು ಬರೆಯುವವರು ಈ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಕಾರ್ಯಕ್ರಮ ಹೇಳಿದ ಹೊತ್ತಿಗೆ ನಡೆದುಹೋಯಿತು ಎಂದು ಗೋಳಾಡುವವನು ಬಹುಶಃ ನಾನೊಬ್ಬನೇ. ಆದರೂ ಬರೆಯುತ್ತಿದ್ದೇನೆ, ಅದೂ ಊರೆಲ್ಲ ಓದಲಿ ಎಂದು ಪತ್ರಿಕೆಗೆ. ಏಕೆಂದರೆ ಗೇಟಿನ ಹತ್ತಿರ ನಿಮ್ಮ ಮ್ಯಾನೇಜರ್ ಹುಡುಗನಿಗೆ ಬಾಯಿಮಾತಿನಲ್ಲಿ ಹೇಳಲು ಹೋದಾಗ ಅವನು ಬಹಳ ವಿನಯದಿಂದ, "ಅಂಕಲ್, ಫೀಡ್‌ಬ್ಯಾಕ್ ಇದ್ರೆ ಆ್ಯಪಲ್ಲಿ ಹಾಕಿ" ಎಂದ. ನನ್ನ ಫೋನಿನಲ್ಲಿ ಮಾತಾಡಬಹುದು, ಟಾರ್ಚ್ ಉರಿಸಬಹುದು. ಅಷ್ಟೇ.

ನಾನು ಮಾಂಬಳ್ಳಿಯವನು. ಭತ್ತ ಬೆಳೆಯುತ್ತೇನೆ, ಉಳಿದ ಹೊತ್ತಿನಲ್ಲಿ ಓದುತ್ತೇನೆ. ಫುಟ್‌ಬಾಲ್ ಆಡಿದವನಲ್ಲ. ಕೊಳ್ಳೇಗಾಲದ ಹನೂರು ರಸ್ತೆಯ ಆ ಮೈದಾನದ ಬೇಲಿ ಹಿಡಿದು ನಿಂತು ನಿಂತೇ ತಲೆ ನರೆಸಿಕೊಂಡವನು. ನೀವು ಕ್ಲಬ್ಬನ್ನು ಕೊಂಡಾಗ ಗೋಲುಕಂಬ, ಬಲೆ, ತುಕ್ಕು ಹಿಡಿದ ರೋಲರ್ ಇವುಗಳ ಜೊತೆಗೆ ನನ್ನಂಥವರೂ ನಿಮ್ಮ ಪಾಲಿಗೆ ಬಂದಿದ್ದೇವೆ. ನಾವು ಖರೀದಿ ಪತ್ರದಲ್ಲಿ ಇರುವುದಿಲ್ಲ. ಆದರೆ ರೋಲರ್ ತೆಗೆದುಹಾಕಿದಷ್ಟು ಸುಲಭವಾಗಿ ನಮ್ಮನ್ನು ತೆಗೆದುಹಾಕಲಾಗುವುದಿಲ್ಲ. ರೋಲರ್ ಪತ್ರ ಬರೆಯುವುದಿಲ್ಲ, ನೋಡಿ.

ಮಾಲೀಕರಿಂದ ಅಭಿಮಾನಿಗಳು ಏನನ್ನು ನಿರೀಕ್ಷಿಸಬೇಕು ಎಂಬುದರಲ್ಲಿ ನಮಗೆ ಒಳ್ಳೆಯ ತರಬೇತಿ ಆಗಿದೆ. ನಿಮಗಿಂತ ಮೊದಲು ಒಬ್ಬ ಅಕ್ಕಿ ಗಿರಣಿಯವರು ನಮ್ಮನ್ನು ಸಾಕಿದರು. ಅವರು ಫುಟ್‌ಬಾಲ್ ನೋಡುವಾಗ ನಿದ್ದೆ ಮಾಡುತ್ತಿದ್ದರು, ಗೋಲು ಬಿದ್ದಾಗ ಎಚ್ಚರವಾಗಿ "ಯಾರ್ದು?" ಎಂದು ಕೇಳುತ್ತಿದ್ದರು, ಯಾರದಾದರೂ ಚಪ್ಪಾಳೆ ತಟ್ಟುತ್ತಿದ್ದರು. ಅವರ ನಂತರ ಬಂದ ಗುತ್ತಿಗೆದಾರರಿಗೆ ಚುನಾವಣೆಯ ಆಸೆಯಿತ್ತು. ಅವರ ಕಾಲದಲ್ಲಿ ತಂಡಕ್ಕಿಂತ ಹೆಚ್ಚು ಹಾರಗಳು ಮೈದಾನಕ್ಕೆ ಬಂದವು. ಅವರು ಸೋತರು, ನಾವೂ ಸೋತೆವು, ಆ ವರ್ಷ ಪರಸ್ಪರ ಸಮಾಧಾನ ಹೇಳಿಕೊಂಡೆವು. ಆದ್ದರಿಂದ ನಿಮ್ಮಿಂದ ನಾವು ಕಪ್ ನಿರೀಕ್ಷಿಸುತ್ತಿಲ್ಲ. ನೀವು ಪತ್ರಿಕಾಗೋಷ್ಠಿಯಲ್ಲಿ "ಮೂರು ವರ್ಷದಲ್ಲಿ ರಾಷ್ಟ್ರಮಟ್ಟ" ಎಂದಾಗ ನಮ್ಮ ಕಡೆಯವರು ಯಾರೂ ನಗಲಿಲ್ಲ. ಹೊಸ ಅಳಿಯ ಏನು ಹೇಳಿದರೂ ಮೊದಲ ದಿನ ತಲೆಯಾಡಿಸುವುದು ನಮ್ಮಲ್ಲಿ ಮರ್ಯಾದೆ.

ನೀವು ಮಾಡಿದ ಒಳ್ಳೆಯದನ್ನು ಮರೆತಿಲ್ಲ. ಕುರ್ಚಿ ಹಾಕಿಸಿದ್ದೀರಿ. ಹೆಂಗಸರಿಗೆ ಶೌಚಾಲಯ ಕಟ್ಟಿಸಿದ್ದೀರಿ. ಇಷ್ಟು ವರ್ಷ ಯಾರಿಗೂ ಹೊಳೆಯದ ಇದಕ್ಕಾಗಿ ನಿಮಗೆ ನಿಜವಾಗಿಯೂ ಕೈ ಮುಗಿಯುತ್ತೇನೆ. ಹುಲಿವೇಷದ ಒಬ್ಬ ಮನುಷ್ಯನನ್ನೂ ತಂದಿದ್ದೀರಿ. ಅವನು ಗೆರೆಯ ಪಕ್ಕದಲ್ಲಿ ಕುಣಿಯುತ್ತಾನೆ, ಮಕ್ಕಳ ಕೈ ಕುಲುಕುತ್ತಾನೆ. ಕಾಡಂಚಿನಿಂದ ಬರುವ ನಮ್ಮ ಮಂದಿಗೆ ಹುಲಿಯ ಕೈ ಕುಲುಕುವ ಅವಕಾಶ ಇದೇ ಮೊದಲು, ಸಂತೋಷಪಟ್ಟಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ ನಾಲ್ಕು ಮೂಲೆಗೂ ಎತ್ತರದ ದೀಪದ ಕಂಬ ನಿಲ್ಲಿಸಿದ್ದೀರಿ. ಈ ದೀಪದ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮೈದಾನದಲ್ಲಿ ಆಟ ಯಾವ ಹೊತ್ತಿಗೆ ಶುರುವಾಗುತ್ತಿತ್ತು ಎಂದು ನಿಮ್ಮ ಕಚೇರಿಯವರು ಯಾರನ್ನಾದರೂ ಕೇಳಿದ್ದರೆ ಒಂದೇ ಉತ್ತರ ಸಿಗುತ್ತಿತ್ತು: ಗೋಪಿನಾಥಂ ಬಸ್ ಬಂದಾಗ. ಗಡಿಯಾಚೆಗೆ ತಮಿಳುನಾಡು, ಈಚೆಗೆ ಕಾಡು, ನಡುವೆ ಗೋಪಿನಾಥಂ. ಅಲ್ಲಿಂದ ಬೆಟ್ಟ ಇಳಿದು, ಹನೂರು ದಾಟಿ, ಕೊಳ್ಳೇಗಾಲಕ್ಕೆ ಬರುವ ಆ ಬಸ್ಸು ಮೈದಾನದ ಮುಂದೆಯೇ ಹಾದುಹೋಗುತ್ತದೆ. ಅದಕ್ಕೆ ವೇಳಾಪಟ್ಟಿ ಇದೆ. ಆ ವೇಳಾಪಟ್ಟಿ ಕಾಡಿನ ಆನೆಗಳಿಗೆ ತಿಳಿದಿಲ್ಲ.

ಪದ್ಧತಿ ಹುಟ್ಟಿದ್ದು ಹೀಗೆ. ನನಗಿನ್ನೂ ಮೀಸೆ ಕಪ್ಪಗಿದ್ದ ಕಾಲ. ಗೋಪಿನಾಥಂ ಜಲಾಶಯದಲ್ಲಿ ಬಲೆ ಬೀಸುತ್ತಿದ್ದ ರಂಗನಾಯಕ ಎಂಬ ಯುವಕ ನೆಂಟರ ಮನೆಗೆಂದು ಬಂದವನು ದಾರಿಯಲ್ಲಿ ಬಸ್ಸಿಳಿದು ಗೋಲಿನ ಹಿಂದೆ ನಿಂತಿದ್ದ. ಕಂಬದ ಮೇಲಿನಿಂದ ಹಾರಿಹೋದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದ. ಇನ್ನೊಂದು ಕೈಯಲ್ಲಿ ಚೀಲವಿತ್ತು, ಅದನ್ನು ಕೆಳಗಿಡಲಿಲ್ಲ. ಆಗ ತಂಡದ ನಾಯಕರಾಗಿದ್ದ ಶಿವಕುಮಾರಸ್ವಾಮಿಯವರು ಬಳಿಗೆ ಹೋಗಿ, "ಆ ಚೀಲ ಕೆಳಗಿಟ್ರೆ ಇನ್ನೆಷ್ಟ್ ಇಡೀತೀಯಪ್ಪ ನೀನು?" ಎಂದು ಕೇಳಿದರು.

"ಕೆಳ್ಗಿಟ್ರೆ ನಾಯ್ಗಳು ಬುಡಾಕಿಲ್ಲ ಸಾ. ಯಾರಾರ ಇಡ್ಕಂಡ್ರೆ ಆಡ್ತೀನಿ."

ಹಿಡಿದುಕೊಂಡವನು ನಾನು. ಹತ್ತಿರದಲ್ಲಿದ್ದೆ, ಅಷ್ಟೇ. ಅದರೊಳಗೆ ಏನಿದೆ ಎಂದು ಆಟದ ಮಧ್ಯದಲ್ಲಿ ಮೂಗಿಗೆ ತಿಳಿಯಿತು. ಮೀನಿನ ಹೆಸರನ್ನೂ ಎತ್ತದ ಮನೆಯವನು ನಾನು, ಕತ್ತಿನಲ್ಲಿ ಲಿಂಗ ಕಟ್ಟಿಕೊಂಡವನು. ಆದರೆ ಆ ಹೊತ್ತಿಗೆ ರಂಗನಾಯಕ ಎರಡು ಗೋಲು ತಡೆದಿದ್ದ. ಚೀಲ ಕೆಳಗಿಟ್ಟರೆ ಅವನ ಮನಸ್ಸು ಇತ್ತ ತಿರುಗೀತೆಂದು ಹೆದರಿ ಕೊನೆಯವರೆಗೂ ಹಿಡಿದೇ ನಿಂತೆ. ಸಂಜೆ ಮನೆ ಬಾಗಿಲಲ್ಲೇ ನನ್ನ ಹೆಂಡತಿ ಸುವರ್ಣಮ್ಮ ತಡೆದಳು. "ಏನ್ರೀ ಅದು ವಾಸ್ನೆ?"

"ಗೋಲ್‌ಕೀಪರ್‌ದು" ಎಂದೆ.

"ನಿಮ್ ಕೀಪರ್‌ಗೆ ಬೆಂಕಿ ಬೀಳ. ಒಳೀಕ್ ಕಾಲಿಟ್ಟೀರಾ! ಇತ್ಲಾಗೋಗಿ ಮೊದ್ಲು ನೀರ್ ಉಯ್ಕಳಿ!"

ಹೀಗೆ ರಂಗನಾಯಕ ನಮ್ಮವನಾದ. ಬಸ್ಸು ಬಂದರೆ ಗೋಲುಕಾವಲಿದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಬಸ್ಸಿಗೆ ಕಾದೆವು. ಎದುರಾಳಿಗಳೂ ನಮ್ಮ ಜೊತೆ ರಸ್ತೆ ನೋಡುತ್ತ ಕೂರುತ್ತಿದ್ದರು.

ಒಮ್ಮೆ ಮಾತ್ರ ಬೆಂಗಳೂರಿನಿಂದ ಬಂದ ಒಬ್ಬ ರೆಫರಿ ನಿಮ್ಮ ಹಾಗೆಯೇ ಗಡಿಯಾರ ನೋಡಿ ಸೀಟಿ ಊದಿಬಿಟ್ಟರು. ಮಂಡ್ಯ ಕಡೆಯ ತಂಡ. ಅವರ ನಾಯಕ ಚೆಂಡನ್ನು ಸುಮ್ಮನೆ ಮುಂದಕ್ಕೆ ಒದ್ದ. ಅದು ಯಾರನ್ನೂ ಭೇಟಿಯಾಗದೆ ಉರುಳುತ್ತಾ ಹೋಗಿ ಗೋಲಿನೊಳಗೆ ಕುಳಿತಿತು. ಒದ್ದವನಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಬಸ್ಸು ಬಂದು, ರಂಗನಾಯಕ ಓಡಿಬಂದು, ಚೀಲ ನನ್ನ ಕೈಗೆ ಬಂತು. ಮಂಡ್ಯದ ನಾಯಕ ರೆಫರಿಯ ಬಳಿ ಹೋಗಿ, "ಸಾ, ಅದೊಂದ್ ಬುಟ್ಬುಡಿ. ಬಸ್ ಬರೋಕ್ ಮುಂಚೆ ಆಗಿದ್ದು, ಲೆಕ್ಕುಕ್ಕಿಲ್ಲ" ಎಂದ. ರೆಫರಿ ಏನೋ ಗೊಣಗಿದರು. ಅವರು ಒಪ್ಪಿದರೆಂದೇ ನಾವೆಲ್ಲ ತಿಳಿದೆವು. ಅದಾದಮೇಲೆ ಯಾರೂ ಗೋಲು ಹೊಡೆಯಲಿಲ್ಲ. ಸಮವಾಯಿತು, ಮರುಪಂದ್ಯ ಇದೆ ಎಂದುಕೊಂಡು ಮುಂದಿನ ವಾರ ವ್ಯಾನು ಮಾಡಿಕೊಂಡು, ಡೋಲು ಬಾರಿಸಿಕೊಂಡು ಮೈಸೂರಿಗೆ ಹೋದೆವು. ಅಲ್ಲಿನ ಅಧಿಕಾರಿ ನಮ್ಮನ್ನು ಕನಿಕರದಿಂದ ನೋಡಿ, ನೀವು ಹೋದ ವಾರವೇ ಸೋತಿದ್ದೀರಲ್ಲ ಎಂದರು. ನಾವು ನಂಬಲಿಲ್ಲ. ಹೊರಗೆ ಯಾರೋ ಪತ್ರಿಕೆ ತೋರಿಸಿದ ಮೇಲೆ ನಂಬಿ, ಬಂದ ದಾರಿಗೆ ಸುಂಕವಿಲ್ಲವೆಂದು ಮೃಗಾಲಯ ನೋಡಿಕೊಂಡು ಬಂದೆವು.

ಆವತ್ತಿನಿಂದ 'ಬಸ್ ಮುಂಚಿನ ಗೋಲು' ಎಂಬ ಮಾತು ನಮ್ಮ ಮೂರು ತಾಲ್ಲೂಕಿನಲ್ಲೂ ಓಡಾಡುತ್ತಿದೆ. ನಾನು ಬೆಳಗ್ಗೆ ಒಂದು ಕಾಫಿ ಕುಡಿದು, ತಿಂಡಿಯ ಜೊತೆ ಇನ್ನೊಂದು ಕೇಳಿದಾಗ, "ಆಗ್ಲೇ ಆಯ್ತಲ್ರಿ" ಎನ್ನುತ್ತಾಳೆ ಸುವರ್ಣಮ್ಮ. "ಅದು ಬಸ್ ಮುಂಚಿನ್ ಗೋಲು ಕಣೇ" ಎನ್ನುತ್ತೇನೆ. ಕಾಫಿ ಬರುತ್ತದೆ. ನಿಮ್ಮ ಬ್ರ್ಯಾಂಡಿಂಗ್ ತಂಡದವರು ಎಷ್ಟೇ ತಲೆ ಕೆಡಿಸಿಕೊಂಡರೂ ಒಂದು ಕ್ಲಬ್ಬಿಗೆ ಇಂಥ ಮಾತನ್ನು ಹುಟ್ಟಿಸಿಕೊಡಬಲ್ಲರೇ?

ಆಮೇಲೊಂದು ಕಾಲ ಬಂತು. ಗೋಪಿನಾಥಂ ಎಂದರೆ ಹೊರಗಿನವರಿಗೆ ಕಾಡುಗಳ್ಳನೊಬ್ಬನೇ ನೆನಪಾಗುತ್ತಿದ್ದ ವರ್ಷಗಳು ಅವು. ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ವಯಸ್ಸಿನವರೂ ಕೇಳಿರುತ್ತೀರಿ. ಆ ಬಸ್ಸಿನಲ್ಲಿ ಬಂದವರನ್ನು ಪ್ರತಿ ಚೆಕ್‌ಪೋಸ್ಟಿನಲ್ಲೂ ಇಳಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಚೀಲ ಬಿಚ್ಚಿಸುತ್ತಿದ್ದರು. ಅಕ್ಕಿ ಜಾಸ್ತಿ ಇದ್ದರೆ ಯಾರಿಗೆ ಎಂದು ಕೇಳುತ್ತಿದ್ದರು. ಪೇಟೆಯಲ್ಲಿ ಊರ ಹೆಸರು ಹೇಳಿದರೆ ಅಂಗಡಿಯವರು ಒಮ್ಮೆ ಮುಖ ನೋಡಿ ಆಮೇಲೆ ಸಾಮಾನು ಕೊಡುತ್ತಿದ್ದರು. ಬಸ್ಸು ಬರುವ ಹೊತ್ತಿಗೆ ಸೂರ್ಯ ಮುಳುಗಲು ಹೊರಟಿರುತ್ತಿದ್ದ. ಆಗಲೂ ಕಾದೆವು. ಕತ್ತಲಾದ ಮೇಲೆ ಸ್ಕೂಟರುಗಳನ್ನು ಗೆರೆಯ ಸುತ್ತ ನಿಲ್ಲಿಸಿ, ಅವುಗಳ ದೀಪದಲ್ಲಿ ಕೊನೆಯ ಹತ್ತು ನಿಮಿಷ ಆಡಿಸಿದ್ದೇವೆ. ಯಾವ ಗೋಲು ಯಾರು ಹೊಡೆದರೆಂದು ದೇವರಿಗೂ ಕಂಡಿರಲಾರದು.

ಒಮ್ಮೆ ರಂಗನಾಯಕ ನನ್ನ ಕೈಯಿಂದ ಚೀಲ ವಾಪಸ್ಸು ತೆಗೆದುಕೊಳ್ಳುವಾಗ ಹೇಳಿದ: "ದಾರೀಲಿ ಎಲ್ರೂ ಇದ್ರೊಳ್ಗೆ ಏನೈತೆ ಅಂತ ಕೇಳೋರೇ ಸಾ. ಕೇಳ್ದೆ ಇಡ್ಕಳೋನು ನೀನೊಬ್ನೇಯ."

ಏನಿದೆ ಎಂದು ನನಗೆ ಕೇಳದೆಯೇ ಗೊತ್ತಾಗುತ್ತಿತ್ತು ಎಂದು ನಾನು ಹೇಳಲಿಲ್ಲ. ಹೇಳುವ ಹೊತ್ತಲ್ಲ ಅದು.

ರಂಗನಾಯಕನಿಗೆ ವಯಸ್ಸಾಯಿತು, ಮೊಣಕಾಲು ಸೋತಿತು. ಈಗ ಗೋಲು ಕಾಯುವವನು ಅಗರದ ಉದಯಕುಮಾರ್, ರಂಗನಾಯಕನೇ ತಯಾರು ಮಾಡಿದ ಹುಡುಗ. ಅಗರದಿಂದ ಬರಲು ಯಾವ ಕಾಡನ್ನೂ ದಾಟಬೇಕಿಲ್ಲ. ಹಾಗಿದ್ದರೆ ಇನ್ನೂ ಯಾಕೆ ಕಾಯಬೇಕು? ಈ ಪ್ರಶ್ನೆ ನಮಗೂ ಬಂದಿತ್ತು. ಯಾರೋ ಕೇಳಿದರು, ಎಲ್ಲರೂ ರಸ್ತೆ ನೋಡುತ್ತ ಕೂತೆವು, ಬಸ್ಸು ಬಂತು, ಆಟ ಶುರುವಾಯಿತು. ಅಲ್ಲಿಗೆ ಚರ್ಚೆ ಮುಗಿಯಿತು. ಕಾಯುತ್ತಿದ್ದದ್ದು ಗೋಲ್‌ಕೀಪರಿಗಲ್ಲ, ಆ ಊರಿಗೆ ಎಂದು ಆವತ್ತು ನಮಗೇ ತಿಳಿಯಿತು. ಆ ಬಸ್ಸಿನಲ್ಲಿ ಈಗಲೂ ಒಂದಿಷ್ಟು ಜನ ಬರುತ್ತಾರೆ. ರಂಗನಾಯಕ ಗೋಲಿನ ಹಿಂದೆ ನಿಂತು, ಆಟ ಮುಗಿಯುವವರೆಗೂ ಉದಯಕುಮಾರನನ್ನು ಬಯ್ಯುತ್ತಿರುತ್ತಾನೆ. ಆ ಬೈಗುಳವೇ ಹುಡುಗನಿಗೆ ದಿಕ್ಸೂಚಿ.

ಇನ್ನು ಕಳೆದ ಭಾನುವಾರ. ನಾಲ್ಕಕ್ಕೆ ಸೀಟಿ, ಸೀಟಿಯ ಜೊತೆಗೇ ಗೇಟಿಗೆ ಬೀಗ. "ಟೈಮ್ ಅಂದ್ರೆ ಟೈಮ್ ಅಂಕಲ್, ಲೈವ್ ಹೋಗ್ತಿದೆ" ಎಂದ ನಿಮ್ಮ ಮ್ಯಾನೇಜರ್. ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದೆ. ಯಾರು ಬೇಕಾದರೂ ಎಲ್ಲಿ ಕುಳಿತಾದರೂ ನೋಡಬಹುದಂತೆ. ಅಮೆರಿಕದಲ್ಲಿರುವವನು ನೋಡಬಹುದಾದ ಆಟವನ್ನು ಗೇಟಿನ ಹೊರಗಿರುವವನು ನೋಡಬಾರದು ಎಂಬ ಈ ವ್ಯವಸ್ಥೆ ನನಗೆ ಹೊಸದು.

ಅರ್ಧ ಗಂಟೆಯಾದ ಮೇಲೆ ಬಸ್ಸು ಬಂತು. ದಾರಿಯಲ್ಲಿ ಆನೆ ನಿಂತಿತ್ತಂತೆ. ಪ್ರತಿ ಸಲವೂ ನಾವು ಎದ್ದು ನಿಂತು ಕೂಗಿ ಬರಮಾಡಿಕೊಳ್ಳುತ್ತಿದ್ದ ಮಂದಿ ಇಳಿದು ಬಂದು ಗೇಟಿನ ಸರಳು ಹಿಡಿದು ನಿಂತರು. ಗೋಪಿನಾಥಂನ ಮಹಾಲಕ್ಷ್ಮಮ್ಮನವರು ನಿಮ್ಮ ಕಾವಲುಗಾರನಿಗೆ, "ಕಾಡ್ನಲ್ಲಿ ಆನೇನೇ ದಾರಿ ಬುಡ್ತು ಕಣಪ್ಪ, ನೀ ಬುಡಾಕಿಲ್ವಾ?" ಎಂದರು.

"ಆರ್ಡ್ರಿಲ್ಲಮ್ಮ" ಎಂದ ಅವನು.

"ಆನೇಗೂ ಇರ್ನಿಲ್ಲ, ಪಾಪ. ಅದ್ರ ಮನ್ಸಿಗೇ ಬಂತು."

ಬಸ್ಸಿನ ಚಾಲಕ ರಾಜಣ್ಣ ಇದನ್ನೆಲ್ಲ ನೋಡುತ್ತಿದ್ದ. ಆಮೇಲೆ ಟೈರಿನ ಗಾಳಿ ಪರೀಕ್ಷಿಸುವ ನೆವದಲ್ಲಿ ಬಸ್ಸನ್ನು ನಿಮ್ಮ ಹೊಸ ಕಾಂಪೌಂಡಿನ ಗೋಡೆಗೆ ಆನಿಸಿ ನಿಲ್ಲಿಸಿದ. ಬಂದವರೆಲ್ಲ ಮತ್ತೆ ಹತ್ತಿ ಕಿಟಕಿಗಳಲ್ಲಿ ಕತ್ತು ತೂರಿಸಿದರು. ಆರು ಟೈರುಗಳನ್ನು ಅಷ್ಟು ಶ್ರದ್ಧೆಯಿಂದ ತಟ್ಟಿ ತಟ್ಟಿ ನೋಡಿದ ಚಾಲಕನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಬಸ್ಸು ನಿಂತದ್ದು ನಡುಗೆರೆಯ ನೇರಕ್ಕೆ, ಉದಯಕುಮಾರ್ ನಿಂತದ್ದು ದೂರದ ಗೋಲುಕಂಬದ ಬಳಿ. ರಂಗನಾಯಕನ ದನಿ ಅಲ್ಲಿಂದ ತಲುಪಲಿಲ್ಲ. ತಲುಪಿದ್ದರೂ ನಿಮ್ಮ ಧ್ವನಿವರ್ಧಕದ ಹಾಡಿನಲ್ಲಿ ಕೇಳುತ್ತಿರಲಿಲ್ಲ. ಹುಡುಗ ಚೆಂಡು ನೋಡುವುದಕ್ಕಿಂತ ಹೆಚ್ಚು ಗೇಟು ನೋಡಿದ. ಮೂರು ಗೋಲು ಬಿತ್ತು. ನಿಮ್ಮ ಹುಲಿ ಕುಣಿಯುತ್ತಲೇ ಇತ್ತು.

ಸೋತದ್ದಕ್ಕೆ ನಾನು ಬರೆಯುತ್ತಿಲ್ಲ. ಸೋಲು ನಮ್ಮ ಹಳೆಯ ನೆಂಟ, ಬಂದರೆ ಒಂದು ಲೋಟ ನೀರು ಕೊಟ್ಟು ಕೂರಿಸುತ್ತೇವೆ. ಬರೆಯುತ್ತಿರುವುದು ಆಟ ಮುಗಿದ ಮೇಲೆ ಗೇಟಿನಲ್ಲಿ ಕೇಳಿದ ಮಾತಿಗೆ. ಉದಯಕುಮಾರ್ ಗ್ಲೌಸ್ ಕೂಡ ಬಿಚ್ಚದೆ ಓಡಿಹೋದ. ಬಸ್ಸು ಹೊರಡಲು ಸಿದ್ಧವಾಗಿತ್ತು. ಬಾಗಿಲಲ್ಲಿ ನಿಂತಿದ್ದ ರಂಗನಾಯಕ, "ಯಾಕ್ಲಾ, ಕಂಬುಕ್ ಒರಗ್ಸಿದ್ ಏಣಿ ಇದ್ದಂಗಿದ್ದೆ?" ಎಂದ.

"ನೀ ಇರ್ನಿಲ್ವಲ್ಲಣ್ಣ."

"ನಾ ಇದ್ರೆ ಚೆಂಡ್ ನಾ ಇಡೀತೀನಾ?"

"ಬಯ್ತಿದ್ದೆ."

ರಂಗನಾಯಕ ನಕ್ಕ. ಮಹಾಲಕ್ಷ್ಮಮ್ಮನವರೂ ನಕ್ಕರು. ಹುಡುಗ, "ಮುಂದಿನ್ ಭಾನ್ವಾರ ಬೇಗ ಒಂಟ್ಕಂಡ್ ಬನ್ನಿ" ಎಂದ. ಅದಕ್ಕೂ ಮೊದಲಿನ ಬಸ್ಸು ಇಲ್ಲ ಎಂದು ಅವನಿಗೂ ಗೊತ್ತು. ರಂಗನಾಯಕ ಅವನ ತಲೆ ಸವರಿ, "ಇಲ್ಲ ಕಣ್ಲಾ. ಇನ್ ಬರಾಕಿಲ್ಲ. ನೀ ಚೆನ್ನಾಗ್ ಆಡು" ಎಂದ. ಕೋಪವಿರಲಿಲ್ಲ. ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕೋಪ ಭಾನುವಾರದಿಂದ ಭಾನುವಾರಕ್ಕೆ ಆರುತ್ತದೆ. ಅವನು ಬೇರೆಯವರ ಮನೆಗೆ ತಿಳಿಯದೆ ಬಂದವನಂತೆ ಹೇಳಿದ. ಚೆಕ್‌ಪೋಸ್ಟುಗಳ ಕಾಲದಲ್ಲೂ ಬರುವುದು ಬಿಡದ ಮನುಷ್ಯ ಅವನು.

ಮಾನ್ಯರೇ, ಹೊಸ ಮಾಲೀಕರಿಂದ ಅಭಿಮಾನಿಗಳು ಏನನ್ನು ನಿರೀಕ್ಷಿಸಬೇಕು ಎಂದು ನಿಮ್ಮ ಕಚೇರಿಯೇ ಒಂದು ಅಭಿಪ್ರಾಯ ಸಂಗ್ರಹ ನಡೆಸುತ್ತಿದೆಯಂತೆ. ಆಯ್ಕೆಗಳಲ್ಲಿ ವಿದೇಶಿ ತರಬೇತುದಾರ ಇದ್ದಾರೆ, ಹೊಸ ಅಂಗಿ ಇದೆ, ತಿಂಡಿ ಮಳಿಗೆ ಇದೆ. ನಮ್ಮ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಕೊಂಡವನು ತಾನು ಏನನ್ನು ಕೊಂಡೆ ಎಂದು ಒಂದು ಸಲ ತಿರುಗಿ ನೋಡಬೇಕು, ಇಷ್ಟೇ ನಮ್ಮ ನಿರೀಕ್ಷೆ. ನೀವು ಕೊಂಡದ್ದು ಹನ್ನೊಂದು ಜನ ಸಾಧಾರಣ ಆಟಗಾರರನ್ನು. ಅಂಥವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಆದರೆ ಕಟ್ಟಕಡೆಯ ಊರು ಬಂದು ಸೇರುವವರೆಗೆ ಆಟ ಶುರುಮಾಡದ ಮೈದಾನ ಇನ್ನೆಲ್ಲಿದೆ? ಅದನ್ನು ನಿಮ್ಮ ಮ್ಯಾನೇಜರ್ 'ಡೆಡ್ ಟೈಮ್' ಎನ್ನುತ್ತಾನೆ. ಆ ಸತ್ತ ಹೊತ್ತಿನಲ್ಲಿ ನಮ್ಮ ಬೇಲಿಯ ಬಳಿ ಎಷ್ಟು ಸಂಬಂಧ ಕುದುರಿವೆ, ಎಷ್ಟು ಪಂಪ್‌ಸೆಟ್ ಕೈ ಬದಲಾಗಿವೆ, ಯಳಂದೂರಿನವರೂ ಹನೂರಿನವರೂ ಎಷ್ಟು ಜಗಳ ಆಡಿ ಮುಗಿಸಿದ್ದಾರೆ ಎಂದು ಅವನಿಗೆ ಹೇಳಿ.

ಲೀಗಿನ ನಿಯಮ, ಲೈವ್ ಪ್ರಸಾರ ಎಂಬ ತೊಡಕುಗಳು ನನಗೂ ಅರ್ಥವಾಗುತ್ತವೆ. ಆದರೆ ನಾಲ್ಕು ಗಂಟೆ ಎಂದು ನಿಗದಿ ಮಾಡಿದವರು ನೀವೇ. ಐದೂವರೆ ಎಂದು ಮಾಡಲು ಯಾರಪ್ಪಣೆ ಬೇಕು? ಬೆಳಕು ಸಾಲದು ಎನ್ನುವಿರಾ? ದೀಪದ ಕಂಬಗಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಸ್ಕೂಟರ್ ದೀಪದಲ್ಲಿ ಆಡಿದ ಬಡ ಕ್ಲಬ್ಬಿಗೆ ಕಾಯಲು ಆಯಿತು. ಇಡೀ ಕೊಳ್ಳೇಗಾಲಕ್ಕೆ ಕಾಣುವಂತೆ ದೀಪ ಹಾಕಿದ ನಿಮಗೆ ಕಾಯಲಾಗದೆ?

ಆದ್ದರಿಂದ ನನ್ನ ಬೇಡಿಕೆ. ಬರುವ ಭಾನುವಾರ ಬೆಳಗ್ಗೆ ನಿಮ್ಮ ಕಾರಿನಲ್ಲಿ ಗೋಪಿನಾಥಂಗೆ ಹೋಗಿ. ಕಾರನ್ನು ಅಲ್ಲಿಂದ ಖಾಲಿ ಕಳಿಸಿಬಿಡಿ. ರಂಗನಾಯಕನ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಬಾ ಎಂದು ಕರೆಯಿರಿ. ಒಂದು ಸಲಕ್ಕೆ ಒಪ್ಪಲಾರ, ಎರಡನೇ ಸಲಕ್ಕೆ ಚೀಲ ಹುಡುಕಲು ಶುರುಮಾಡುತ್ತಾನೆ. ಅವನ ಜೊತೆ, ಮಹಾಲಕ್ಷ್ಮಮ್ಮನವರ ಜೊತೆ, ರಾಜಣ್ಣನ ಬಸ್ಸಿನಲ್ಲಿ ಬನ್ನಿ. ಕಿಟಕಿ ಪಕ್ಕದ ಸೀಟು ಸಿಗದಿರಬಹುದು. ದಾರಿಯಲ್ಲಿ ಆನೆ ನಿಂತಿರಬಹುದು. ನಿಮ್ಮ ಕೈಗಡಿಯಾರ ನಾಲ್ಕು ದಾಟುತ್ತದೆ, ನಾಲ್ಕೂವರೆ ದಾಟುತ್ತದೆ. ನಾನಿಲ್ಲದೆ ಶುರುಮಾಡಿಬಿಟ್ಟರೇನೋ ಎಂದು ಸೀಟಿನಿಂದ ಎದ್ದೆದ್ದು ರಸ್ತೆ ನೋಡುತ್ತೀರಿ.

ಗಾಬರಿಯಾಗಬೇಡಿ. ಉದಯಕುಮಾರ್ ಮತ್ತು ಉಳಿದ ಹುಡುಗರ ಹತ್ತಿರ ಮಾತಾಡಿದ್ದೇನೆ. ಸೀಟಿ ಯಾರು ಊದಿದರೂ ಅವರು ರಸ್ತೆ ನೋಡುತ್ತ ಕೂತಿರುತ್ತಾರೆ. ನೀವು ಇಳಿದ ಮೇಲೆಯೇ ಆಟ. ಕೈಯಲ್ಲಿ ಚೀಲವಿದ್ದರೆ ನನಗೆ ಕೊಡಿ, ಹಿಡಿದುಕೊಳ್ಳುತ್ತೇನೆ. ಅದರಲ್ಲಿ ಏನಿದೆ ಎಂದು ಕೇಳುವುದಿಲ್ಲ.

ಇಂತಿ,
ನೀವು ಕೊಟ್ಟ ಕುರ್ಚಿಯಲ್ಲಿ ಇನ್ನೂ ಕೂರಲಾಗದೆ ಬೇಲಿ ಹಿಡಿದೇ ನಿಂತಿರುವ,
ಶಾಂತಮೂರ್ತಿ
ಮಾಂಬಳ್ಳಿ, ಯಳಂದೂರು ತಾಲ್ಲೂಕು